ಚಿತ್ರವಿಲ್ಲದ ಪುಟ

ಇಲಿಮರಿ ಎಂಬ ಹೆಸರು ಅವಳಿಗೆ ಅಪ್ಪ ಇಟ್ಟದ್ದು. ಹುಟ್ಟಿನಿಂದ ಕಣ್ಣು ಕಾಣದ ಮಗಳು ಏಳನೆಯ ವಯಸ್ಸಿಗೆ ಬ್ರೈಲ್ ಕಲಿತು, ಮೂಲೆಯಲ್ಲಿ ಕೂತು ದಪ್ಪ ಕಾಗದವನ್ನು ಟಕಟಕ ಚುಚ್ಚತೊಡಗಿದಾಗ, ಮನೆಗೆ ಇಲಿ ಸೇರಿಕೊಂಡಿತು ಎಂದು ಅವನು ನಕ್ಕಿದ್ದ. ಹೆಸರಿಗೆ ತಕ್ಕಂತೆ ಅವಳ ಸ್ವಭಾವವೂ ಇಲಿಯದೇ. ಯಾರಾದರೂ ಬಾಗಿಲು ತಟ್ಟಿದರೆ ಒಳಕೋಣೆಗೆ ಸರಿದುಬಿಡುವಳು. ಹೊಸಬರ ಎದುರು ಬಾಯಿ ಬಿಡಬೇಕೆಂದರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುವುದು. ಆದರೆ ಒಂದು ಲೆಕ್ಕ ಕೈಗೆ ಸಿಕ್ಕರೆ ಸಾಕು, ಅವಳ ಬೆರಳುಗಳು ಮಾತ್ರ ಊರೆಲ್ಲ ಓಡಾಡಿ ಬರುತ್ತಿದ್ದವು.

ಆ ಬೆಳಿಗ್ಗೆ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಕೂತಾಗ ಅವಳು ಮಡಿಲ ಚೀಲವನ್ನು ಅಪ್ಪಿ ಹಿಡಿದಿದ್ದಳು. ಹೆದರಿಕೆ ಅರ್ಧ, ಹಿಗ್ಗು ಅರ್ಧ. ಕೋಣೆಯ ತುಂಬ ಸೀಮೆಸುಣ್ಣದ ವಾಸನೆ. ಗಣಿತವೆಂಬುದಕ್ಕೆ ಒಂದು ವಾಸನೆ ಇರುವುದಾದರೆ ಇದೇ ಇರಬೇಕು ಎಂದುಕೊಂಡು ಅವಳು ಉದ್ದಕ್ಕೆ ಉಸಿರೆಳೆದುಕೊಂಡಳು.

ಅಂದಿನ ಒಂದು ಗಂಟೆಯಲ್ಲಿ ಎಲ್ಲ ತೀರ್ಮಾನವಾಗಬೇಕಿತ್ತು. ಗಣಿತ ಪದವಿಗೆ ಸೇರುವವರಿಗೆ ಇರಲೇಬೇಕಾದ ಸಾಮರ್ಥ್ಯಗಳೆಂದು ವಿಭಾಗದವರು ಒಂದು ಪಟ್ಟಿ ಮಾಡಿಟ್ಟಿದ್ದರು. ತರ್ಕವನ್ನು ಹೆಜ್ಜೆಹೆಜ್ಜೆಯಾಗಿ ಕಟ್ಟುವುದು, ಬೇರೆಯವರ ತರ್ಕದಲ್ಲಿ ತಪ್ಪು ಹುಡುಕುವುದು, ಹೀಗೆ. ಅದೆಲ್ಲ ಸರಿಯೇ. ನಾಲ್ಕನೆಯದು ಮಾತ್ರ ಗಂಟಲ ಮುಳ್ಳು: ‘ಚಿತ್ರವನ್ನು ನೋಡಿ, ಅದರಿಂದ ಮುಂದಿನ ಹೆಜ್ಜೆ ತಿಳಿಯುವುದು.’ ಅಂಗವಿಕಲ ವಿದ್ಯಾರ್ಥಿಗಳ ಸಹಾಯ ಕೇಂದ್ರದ ಮೇಡಂ ಈ ಸಾಲಿನ ಮೇಲೆ ವಾರವಿಡೀ ಜಗಳವಾಡಿದ್ದರು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬಹುದು, ಚಿತ್ರವನ್ನು ಉಬ್ಬುಗೆರೆಯಲ್ಲಿ ಮಾಡಿಕೊಡಬಹುದು, ಆದರೆ ಇರಲೇಬೇಕಾದ್ದನ್ನು ಬಿಟ್ಟುಕೊಡಲು ಆಗುವುದಿಲ್ಲ ಎಂದು ಮುಖ್ಯಸ್ಥರು ಪಟ್ಟು ಹಿಡಿದಿದ್ದರು. ಕೊನೆಗೆ ರಾಜಿಯಾಗಿ ಈ ಪರೀಕ್ಷೆ. ಒಂದು ಪ್ರಮೇಯ ಯಾಕೆ ನಿಜ ಎಂದು ತೋರಿಸುವ, ಮುಖ್ಯಸ್ಥರೇ ಬರೆದ ಒಂದು ಪುಟದ ಸಾಧನೆಯನ್ನು ಓದಿ, ಪ್ರತಿಯೊಂದು ಹೆಜ್ಜೆಯೂ ನಿಲ್ಲುತ್ತದೆಯೇ ಎಂದು ಅವಳು ಹೇಳಬೇಕು. ಹೇಳಿದರೆ ಗಣಿತ. ಇಲ್ಲವಾದರೆ ಅವಳಿಗಾಗಿ ಇತಿಹಾಸದಲ್ಲಿ ಒಂದು ಸೀಟು ಕಾದಿರಿಸಿದ್ದರು. ಇತಿಹಾಸದ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ದೂರದಿಂದ ಕೈಮುಗಿಯುವಷ್ಟು ಗೌರವವಿತ್ತು, ಅಷ್ಟೆ.

ಅರ್ಜಿಯ ‘ಬೇಕಾದ ಅನುಕೂಲಗಳು’ ಎಂಬ ಕಾಲಮ್ಮಿನಲ್ಲಿ ಅವಳು ಬರೆಸಿದ್ದು ಎರಡೇ. ಹೆಚ್ಚು ಸಮಯ, ಮತ್ತು ತನ್ನ ಮೊಳೆಹಲಗೆ. ಇನ್ನೂ ಕೇಳು, ನೀರಿಗಿಳಿದ ಮೇಲೆ ಚಳಿಗೆ ಹೆದರಿದರೆ ಆಗುತ್ತದೆಯೇ ಎಂದು ಮೇಡಂ ಗದರಿದ್ದರೂ ಇವಳು ಸಾಕು ಸಾಕು ಎಂದು ತಲೆಯಾಡಿಸಿದ್ದಳು. ಕೇಳುವುದೆಂದರೆ ಮಾತಾಡುವುದಲ್ಲವೇ!

ಮೊಳೆಹಲಗೆ ಅಪ್ಪನ ಕೈಯದು. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಒಂದು ಹಲಗೆಗೆ ಉದ್ದಕ್ಕೂ ಅಡ್ಡಕ್ಕೂ ಸಾಲಾಗಿ ಮೊಳೆ ಹೊಡೆದು ಕೊಟ್ಟಿದ್ದ. ಮೊಳೆಗಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಇಲಿಮರಿ ಚೌಕ, ತ್ರಿಭುಜ, ಬೇಕಾದ್ದನ್ನು ಎಳೆದುಕೊಂಡು ಬೆರಳಲ್ಲಿ ನೋಡುತ್ತಿದ್ದಳು. ಲಂಬ ಎಳೆಯಲು ಅಪ್ಪನ ಹಳೆಯ ತೂಗುಗುಂಡು ಇತ್ತು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದಲ್ಲಿ ಇಳಿಬಿಡುವ ಆ ಹಿತ್ತಾಳೆಯ ಗುಂಡು. ಹಲಗೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಮೇಲಿನ ಮೊಳೆಗೆ ದಾರ ಕಟ್ಟಿದರೆ ಗುಂಡು ತಾನಾಗಿ ಲಂಬ ತೋರಿಸುತ್ತಿತ್ತು. ಬರುವಾಗ ಅಪ್ಪನೇ ಅದನ್ನು ಒರೆಸಿ ಚೀಲಕ್ಕೆ ಹಾಕಿ, ಈಗ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತಿದ್ದ.

ಮೇಡಂ ಬ್ರೈಲ್ ಪುಟವನ್ನು ತಂದು ಅವಳ ಮುಂದಿಟ್ಟರು. ಇಟ್ಟವರು ಹಾಗೇ ನಿಂತರು. ಪುಟವನ್ನು ಮತ್ತೆ ಎತ್ತಿಕೊಂಡು ಹಿಂದೆಮುಂದೆ ತಿರುವಿದ ಸದ್ದು ಕೇಳಿಸಿತು. ಬ್ರೈಲ್ ಮಾಡಿದವರು ಅಕ್ಷರವನ್ನೆಲ್ಲ ಮಾಡಿ ಚಿತ್ರವನ್ನು ಮಾತ್ರ ಮರೆತಿದ್ದರು. ಚಿತ್ರ ಇರಬೇಕಾದ ಕಡೆ ಬರೀ ‘ಚಿತ್ರ ೧’ ಎಂಬ ಚುಕ್ಕಿಗಳು.

“ಸರ್, ಇದು ನಮ್ಮ ತಪ್ಪು. ಇನ್ನೊಂದು ದಿನ ಇಟ್ಕೊಳ್ಳೋಣ,” ಎಂದರು ಮೇಡಂ, ದನಿ ಇಳಿಸಿ.

ತಮಗೇನೂ ಅಡ್ಡಿಯಿಲ್ಲ, ಆದರೆ ಪ್ರವೇಶದ ಪಟ್ಟಿ ಇವತ್ತು ಸಂಜೆಯೇ ಗೋಡೆಗೆ ಏರುತ್ತದೆ ಎಂದರು ಮುಖ್ಯಸ್ಥರು. ಅವರ ದನಿಯಲ್ಲಿ ಕೇಡು ಇರಲಿಲ್ಲ, ಸುಸ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದೇ ಹೋಗುವುದೆಂದರೆ ಇದೇ. ಇಲಿಮರಿಯ ಬಾಯಿಂದ, ಅವಳಿಗೇ ಗೊತ್ತಿಲ್ಲದ ಹಾಗೆ, ಆ ದಿನದ ಮೊದಲ ಮಾತು ಹೊರಬಿತ್ತು.

“ಇರ್ಲಿ ಮೇಡಂ, ಕೊಡಿ. ಓದ್ತೀನಿ.”

ಓದಿದಳು. ತ್ರಿಭುಜದ ವಿಸ್ತೀರ್ಣ ಪಾದ ಎತ್ತರಗಳ ಗುಣಲಬ್ಧದ ಅರ್ಧ ಎಂಬುದು ಪ್ರಮೇಯ. ಶಾಲೆಯ ಮಕ್ಕಳಿಗೂ ಗೊತ್ತಿರುವಂಥದ್ದು. ಮೇಲಿನ ತುದಿ ಎ, ಪಾದದ ತುದಿಗಳು ಬಿ ಮತ್ತು ಸಿ. ಎ ಇಂದ ಪಾದಕ್ಕೆ ಲಂಬ ಇಳಿಸಿ. ಅದು ತ್ರಿಭುಜವನ್ನು ಎರಡು ಲಂಬಕೋನ ತ್ರಿಭುಜಗಳಾಗಿ ಒಡೆಯುತ್ತದೆ, ಚಿತ್ರ ನೋಡಿ. ಲಂಬಕೋನ ತ್ರಿಭುಜವೆಂದರೆ ಆಯತದ ಅರ್ಧ. ಎರಡನ್ನೂ ಕೂಡಿಸಿ. ಮುಗಿಯಿತು.

ಇಷ್ಟೇನಾ! ಅವಳಿಗೆ ನಗು ಬರುವ ಹಾಗಾಯಿತು. ಹಲಗೆ ನಿಲ್ಲಿಸಿ, ಬ್ಯಾಂಡ್ ಎಳೆದು, ಗುಂಡು ಇಳಿಬಿಟ್ಟಳು. ದಾರ ಪಾದದ ನಟ್ಟನಡುವೆ ಬಂದು ನಿಂತಿತು. ಎಲ್ಲ ಸರಿಯಾಗಿದೆ ಎಂದು ಹೇಳಿ ಎದ್ದುಬಿಟ್ಟರೆ ಆಯಿತು. ಬಾಯಿ ತೆರೆದೇಬಿಟ್ಟಿದ್ದಳು.

ಆಗ ಬೆರಳು ‘ಚಿತ್ರ ನೋಡಿ’ ಎಂಬಲ್ಲಿಗೆ ತಾನಾಗಿ ಹಿಂತಿರುಗಿತು. ನೋಡಲು ಅವಳ ಬಳಿ ಚಿತ್ರವೇ ಇರಲಿಲ್ಲವಲ್ಲ. ಹಾಗಾದರೆ ಲಂಬ ಒಳಗೇ ಬೀಳುತ್ತದೆಂದು ಅವಳಿಗೆ ಹೇಳಿದವರು ಯಾರು? ಪುಟವನ್ನು ಮೇಲಿಂದ ಕೆಳಗಿನ ತನಕ ಮತ್ತೆ ಸವರಿದಳು. ಯಾರೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ಕಟ್ಟಡದ ಮೇಲೆ ಅಪ್ಪ ಅವಳ ಕೈಗೆ ದಾರ ಕೊಟ್ಟು ಹೇಳುತ್ತಿದ್ದ ಮಾತು ನೆನಪಾಯಿತು. ಗೋಡೆ ನೆಟ್ಟಗಿದೆ ಅಂತ ಮೊದಲೇ ನಂಬಿಕೊಂಡು ಗುಂಡು ಬಿಡಬೇಡ, ವಾಲಿದೆ ಅಂತಲೇ ಬಿಡು.

ಮೇಲಿನ ಮೊಳೆಯಿಂದ ಬ್ಯಾಂಡ್ ಬಿಡಿಸಿದಳು. ಬಲಕ್ಕೆ, ಇನ್ನೂ ಬಲಕ್ಕೆ, ಸಿ ಅನ್ನು ದಾಟಿ ನಾಲ್ಕು ಮೊಳೆ ಆಚೆಗೆ ಎಳೆದು ಸಿಕ್ಕಿಸಿದಳು. ಕುಡಿದವನ ಹಾಗೆ ವಾಲಿದ ತ್ರಿಭುಜ. ದಾರವನ್ನು ಅಲ್ಲಿಗೆ ಕಟ್ಟಿ ಗುಂಡನ್ನು ಮೆಲ್ಲಗೆ ಬಿಟ್ಟಳು. ಅದು ತ್ರಿಭುಜವನ್ನು ಮುಟ್ಟಲೇ ಇಲ್ಲ. ಪಾದದ ಆಚೆ, ಬರಿಯ ಮರಕ್ಕೆ ಟಕ್ಕೆಂದು ತಾಗಿತು.

ಆ ಸದ್ದಿಗೆ ಇಲಿಮರಿಯ ಮೈಯೆಲ್ಲ ಜುಮ್ಮೆಂದಿತು. ಕಿವಿಯ ತುದಿ ಬಿಸಿಯಾಯಿತು. ಕೂಗಿಬಿಡಬೇಕು ಅನ್ನಿಸಿತು, ಆದರೆ ಮರುಕ್ಷಣವೇ ನಾಲಗೆ ಅಂಗುಳಿಗೆ ಹೋಗಿ ಅಂಟಿಕೊಂಡಿತು. ಈ ಪುಟ ಬರೆದವರು ಎದುರಿಗೇ ಕೂತಿದ್ದರು. ಮೂವತ್ತು ವರ್ಷದಿಂದ ಪಾಠ ಹೇಳಿದವರಿಗೆ, ಸೀಟು ಕೊಡಬೇಕಾದವರಿಗೆ, ನಿಮ್ಮ ಸಾಧನೆ ನಿಲ್ಲುವುದಿಲ್ಲ ಎನ್ನುವುದು ಹೇಗೆ? ಸರಿಯಾಗಿದೆ ಎಂದರೆ ಬಹುಶಃ ಸೀಟು ಸಿಗುತ್ತಿತ್ತು. ಆದರೆ ತಪ್ಪು ಕಂಡೂ ಸರಿ ಎಂದವಳಿಗೆ ಗಣಿತದ ಸೀಟು ಯಾತಕ್ಕೆ?

“ಏನಮ್ಮ, ಆಯ್ತಾ?” ಎಂದರು ಮುಖ್ಯಸ್ಥರು.

“ಸರ್, ಎರಡನೇ ಹೆಜ್ಜೆ...” ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಎರಡನೇ ಹೆಜ್ಜೆ ಬೀಳತ್ತೆ ಸರ್.”

ಕುರ್ಚಿ ಕಿರುಗುಟ್ಟಿತು. ಚಿತ್ರ ಇಲ್ಲದ್ದರಿಂದ ಹಾಗನ್ನಿಸುತ್ತಿದೆ, ಇರು ಹೇಳುತ್ತೇನೆ ಎಂದು ಅವರು ಎದ್ದು ಕರಿಹಲಗೆಯ ಬಳಿ ಹೋದರು. ಸೀಮೆಸುಣ್ಣದ ಕಡ್ಡಿ ಮೂರು ಸಲ ಸರ್ರೆಂದಿತು, ನಾಲ್ಕನೆಯ ಸಲ ಮೇಲಿಂದ ಕೆಳಕ್ಕೆ.

“ನೋಡು, ಇದು ಇಲ್ಲಿಂದ ಇಲ್ಲಿಗೆ ಬರತ್ತೆ. ಆಗ ಇದು ಮತ್ತು ಅದು...”

“ಸರ್, ಇದು ಅಂದ್ರೆ ಯಾವುದು?”

ಅವಳೇ ಬೆಚ್ಚಿದಳು. ಬಾಗಿಲ ಬಳಿ ಮೇಡಂ ಕೆಮ್ಮಿದರು, ಅದು ನಗುವನ್ನು ಮುಚ್ಚುವ ಕೆಮ್ಮು. ಮುಖ್ಯಸ್ಥರು, ಲಂಬ ಎ ಇಂದ ಪಾದಕ್ಕೆ ಎಂದು ತಿದ್ದಿ ಹೇಳಿದರು.

“ಎ ಎಲ್ಲಿ ಬೇಕಾದ್ರೂ ಇರಬಹುದಲ್ವಾ ಸರ್? ನನ್ನ ತ್ರಿಭುಜ ವಾಲಿದೆ. ಗುಂಡು ಹೊರಗೆ ಬಿತ್ತು. ಮುಟ್ಟಿ ನೋಡಿ.”

ಹೆಜ್ಜೆಯ ಸದ್ದು ಹತ್ತಿರ ಬಂತು. ಒಂದು ಒಣ ಬೆರಳು ದಾರದ ಗುಂಟ ಇಳಿದು, ಗುಂಡನ್ನು ಮುಟ್ಟಿ, ಅಲ್ಲಿಂದ ಪಾದದ ತುದಿಯ ತನಕ ಬರಿಯ ಮರವನ್ನು ಸವರುತ್ತ ಹೋದದ್ದು ಹಲಗೆ ಹಿಡಿದಿದ್ದ ಅವಳ ಕೈಗೆ ತಿಳಿಯಿತು.

ಲಂಬ ಹೊರಗೂ ಬೀಳಬಹುದೆಂದು ತಮಗೆ ಗೊತ್ತಿತ್ತು ಎಂದರು ಅವರು ಕೊನೆಗೆ. ಗೊತ್ತಿದ್ದೂ ಬರೆದಿರಲಿಲ್ಲ. ಪುಟ ಓದಿದವರೆಲ್ಲ ಚಿತ್ರ ನೋಡಿ ತಲೆಯಾಡಿಸಿ ಮುಂದೆ ಹೋದರು, ಬರೆದ ತಾವೂ ಹಾಗೇ. ಆಮೇಲೆ ಅವರ ದನಿಯಿಂದ ಸುಸ್ತು ಹಾರಿಹೋಯಿತು.

“ಸರಿ, ಕೆಡವಿದ್ದಾಯ್ತಲ್ಲ. ಈಗ ಕಟ್ಟು ನೋಡೋಣ.”

ಕಟ್ಟಿದಳು. ಬೆರಳು ಮುಂದೆ, ಮಾತು ಹಿಂದೆ, ಎರಡೂ ಓಟ. ಬಿ ಇಂದ ಗುಂಡು ಬಿದ್ದ ಜಾಗದ ತನಕ ಇನ್ನೊಂದು ಬ್ಯಾಂಡ್ ಎಳೆದಳು. ಈಗ ಒಂದು ದೊಡ್ಡ ಲಂಬಕೋನ ತ್ರಿಭುಜ, ಅದರೊಳಗೆ ಸಿ ಇಂದ ಆಚೆಗೊಂದು ಚಿಕ್ಕದು. ಇಲ್ಲಿ ಕೂಡಿಸುವಂತಿಲ್ಲ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಎತ್ತರ ಎರಡಕ್ಕೂ ಒಂದೇ. ಪಾದದಿಂದ ಪಾದ ಕಳೆದರೆ ಉಳಿಯುವುದು ಬಿ ಇಂದ ಸಿ. ಪ್ರಮೇಯ ಗಟ್ಟಿಯಾಗಿ ನಿಂತಿತು. ಗುಂಡು ಸರಿಯಾಗಿ ಸಿ ಮೇಲೆಯೇ ಬಿದ್ದರೆ ಎಂದು ಮೇಡಂ ನಡುವೆ ಬಾಯಿ ಹಾಕಿದರು. ಆಗ ಒಂದೇ ತ್ರಿಭುಜ, ಕೂಡಿಸುವುದೂ ಇಲ್ಲ ಕಳೆಯುವುದೂ ಇಲ್ಲ ಎಂದು ಇಲಿಮರಿ ಅಂದದ್ದೇ, ಮುಖ್ಯಸ್ಥರು ಮೇಜು ಗುದ್ದಿ ನಕ್ಕರು.

ಪಟ್ಟಿಯ ನಾಲ್ಕನೆಯ ಸಾಲನ್ನು ನಾನೊಬ್ಬನೇ ಅಳಿಸಲು ಬಾರದು, ವಿಭಾಗದ ಸಭೆಗೆ ಇಡುತ್ತೇನೆ, ಇವತ್ತಿನ ಪುಟವನ್ನೂ ಜೊತೆಗೆ ಇಡುತ್ತೇನೆ ಎಂದು ಅವರು ಪ್ರವೇಶದ ಅರ್ಜಿಗೆ ರುಜು ಹಾಕಿದರು. ಪೆನ್ನು ಕಾಗದದ ಮೇಲೆ ಗೀಚಿದ ಆ ಸದ್ದನ್ನು ಇಲಿಮರಿ ಕಿವಿತುಂಬ ಕೇಳಿಸಿಕೊಂಡಳು.

ಮೇಡಂ ಅನುಕೂಲಗಳ ಕಾಲಮ್ಮನ್ನು ಮತ್ತೆ ತೆರೆದರು. “ಈಗಲೂ ಸಾಕು ಅಂತೀಯಾ?”

“ಇಲ್ಲ ಮೇಡಂ, ಬರ್ಕೊಳ್ಳಿ. ಕ್ಲಾಸಲ್ಲಿ ಇದು, ಅದು ಅನ್ನಬಾರದು, ಹೆಸರು ಹೇಳ್ಬೇಕು. ಹಲಗೆ ಮೇಲೆ ಬರೆದದ್ದನ್ನ ಬಾಯಲ್ಲೂ ಹೇಳ್ಬೇಕು. ಟಿಪ್ಪಣಿ ಹಿಂದಿನ ದಿನವೇ ಕೊಡ್ಬೇಕು.” ಉಸಿರು ತೆಗೆದುಕೊಂಡಳು. “ಇನ್ನೂ ಇದೆ.”

ಹೊರಬಂದಾಗ ಅಪ್ಪ ಬೆಂಚಿನಿಂದ ಎದ್ದ. ಸಿಮೆಂಟು ಹಿಡಿದು ಒರಟಾದ ಅವನ ಕೈ ಅವಳ ಕೈಯನ್ನು ಹುಡುಕಿತು. ಏನಾಯಿತೆಂದು ಕೇಳಲು ಅವನಿಗೆ ಧೈರ್ಯ ಸಾಲದೇ ಇದ್ದದ್ದು ಆ ಹಿಡಿತದಲ್ಲೇ ಗೊತ್ತಾಯಿತು. ಒಂದೇ ಉಸಿರಿಗೆ ಹೇಳಬೇಕೆಂದು ಹೊರಟವಳ ಬಾಯಿಗೆ ಮೊದಲು ಬಂದದ್ದು ಅದೇ.

“ಅಪ್ಪಾ, ಗುಂಡು ಹೊರಗೆ ಬಿತ್ತು.”

ಗುಂಡು ಹೊರಗೆ ಬಿತ್ತೆಂದರೆ ಗೋಡೆ ವಾಲಿದೆ ಎಂದರ್ಥ, ಮೇಸ್ತ್ರಿಗೆ ಅದಕ್ಕಿಂತ ಕೆಟ್ಟ ಸುದ್ದಿ ಉಂಟೇ? ಅವನ ಕೈ ಸಡಿಲಾಯಿತು. ಅವಳ ತಲೆ ಸವರಿದ.

“ಹೋಗ್ಲಿ ಬಿಡು ಇಲಿಮರಿ. ಎಷ್ಟು ಗೋಡೆ ಕೆಡವಿ ಕಟ್ಟಿಲ್ಲ ನಾವು.”

ಅವಳಿಗೆ ನಗು ತಡೆಯಲಾಗಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ ನಕ್ಕಳು. ಯಾರೋ ಬಾಗಿಲು ತೆಗೆದು ನೋಡಿದರು. ಇಲಿಮರಿ ಎಲ್ಲಿಗೂ ಸರಿಯಲಿಲ್ಲ. ಅಲ್ಲೇ ನಿಂತು, ಅಪ್ಪನ ಕೈಗೆ ಹಲಗೆ ಕೊಟ್ಟು, ಅವನ ಬೆರಳನ್ನು ಹಿಡಿದು ವಾಲಿದ ತ್ರಿಭುಜದ ಎ ಮೇಲೆ ಇಟ್ಟು, ಮೊದಲಿನಿಂದ ಹೇಳತೊಡಗಿದಳು.