ತೇಗದ ಬಂಗಲೆಯ ಮೂವತ್ತೆಂಟು ಕಂಬ

ಶಿರಾಳಕೊಪ್ಪದಿಂದ ಆನವಟ್ಟಿಗೆ ಹೋಗುವ ರಸ್ತೆಯ ಬದಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಒಂದು ತೇಗದ ಬಂಗಲೆ ಇತ್ತು. ಇತ್ತು ಎನ್ನುವಾಗಲೇ ನನಗೆ ಸುಸ್ತಾಗುತ್ತದೆ. ರಸ್ತೆ ಅಗಲ ಮಾಡುವವರು ಅದನ್ನು ಕೆಡವಲು ಹೊರಟಾಗ, ಬೇಡ, ಬಿಚ್ಚಿ ಅಂಜನಾಪುರದ ಜಲಾಶಯದ ಹತ್ತಿರ ಮತ್ತೆ ನಿಲ್ಲಿಸೋಣ ಎಂದು ಮೂರು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದವಳು ನಾನು. ಹೆಸರು ಗಂಗಾಶ್ರೀ, ಹಳೆಯ ಕಟ್ಟಡಗಳ ದುರಸ್ತಿ ಮಾಡಿಸುವ ಎಂಜಿನಿಯರ್. ಕೊನೆಗೂ ಒಪ್ಪಿಗೆ ಸಿಕ್ಕಿತು, ಷರತ್ತಿನ ಮೇಲೆ. ದೀಪಾವಳಿಯೊಳಗೆ ಕಂಬ, ತೊಲೆ ಎದ್ದು ನಿಲ್ಲಬೇಕು. ಇಲ್ಲದಿದ್ದರೆ ಮರವೆಲ್ಲ ಡಿಪೋಗೆ ಹೋಗಿ ಹರಾಜಾಗುತ್ತದೆ.

ಮನೆಯ ರೂಪ ಬಿಳಿಯರದು, ಕೈ ಮಾತ್ರ ನಮ್ಮವರದು. ಮುಂದೆ ಚೂಪಾದ ಮಾಡು, ಅದರ ಅಂಚಿಗೆ ಲೇಸಿನ ಹಾಗೆ ಕೊರೆದ ಹಲಗೆ, ಹೊರಕ್ಕೆ ಉಬ್ಬಿಕೊಂಡ ಮೂರು ಮುಖದ ಕಿಟಕಿ, ಸುತ್ತಲೂ ವರಾಂಡ. ಇಡೀ ಚೌಕಟ್ಟಿಗೆ ಒಂದು ಮೊಳೆ ಇಲ್ಲ. ಕಂಬದ ತಲೆಯಲ್ಲಿ ನಾಲಗೆ ಕೆತ್ತಿ, ತೊಲೆಯ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆದಿದ್ದರು. ಮೂವತ್ತೆಂಟು ಕಂಬಗಳು ನೋಡಲು ಒಂದೇ ತಾಯಿಯ ಮಕ್ಕಳು. ಅಳೆದರೆ ಒಂದರ ನಾಲಗೆ ಇನ್ನೊಂದಕ್ಕಿಂತ ಒಂದು ನೂಲು ದಪ್ಪ, ಇಲ್ಲವೇ ಒಂದು ನೂಲು ಓರೆ. ಯಾವ ಕಂಬ ಯಾವ ತೂತಿನದು ಎಂಬುದು ತಪ್ಪಿದರೆ ಮುಗಿಯಿತು.

ಬಿಚ್ಚುವಾಗ ಬಡಗಿ ಮೇಸ್ತ್ರಿ ಮಲ್ಲೇಶಪ್ಪ ಬಣ್ಣದಲ್ಲಿ ನಂಬರ್ ಬರೆಯೋಣವೆಂದ. ನನಗೆ ಸಿಟ್ಟು ಬಂತು. ನೂರು ವರ್ಷ ದಾಟಿದ ಮರಕ್ಕೆ ಬಣ್ಣ ಬಳಿಯುವುದೇ? ಸೀಮೆಸುಣ್ಣ ಸಾಕು ಎಂದೆ. ನಂಬರ್ ಬರೆಸಿ, ಅದೇ ನಂಬರನ್ನು ನಕ್ಷೆಯಲ್ಲಿ ಗುರುತು ಹಾಕಿ, ಎಲ್ಲವನ್ನೂ ಲಾರಿಯಲ್ಲಿ ತಂದು ಅಂಜನಾಪುರದ ಶೆಡ್ಡಿನಲ್ಲಿ ಪೇರಿಸಿಟ್ಟೆವು.

ಆಯುಧಪೂಜೆಗೆಂದು ಶಿಕಾರಿಪುರದ ಮನೆಗೆ ಹೋದವಳು ಎರಡು ದಿನ ಬಿಟ್ಟು ಶೆಡ್ಡಿಗೆ ಬಂದೆ. ಮರವೆಲ್ಲ ಮಿರಮಿರ ಮಿಂಚುತ್ತಿತ್ತು. ಪ್ರತಿ ಕಂಬಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವು. ಮಲ್ಲೇಶಪ್ಪನ ಹೆಂಡತಿ ಈಶ್ವರಮ್ಮ ಸಂಭ್ರಮದಿಂದ ಎದುರು ಬಂದಳು.

"ನೋಡ್ರಿ ಮೇಡಮ್ಮಾರೆ, ಹೆಂಗೆ ಕಾಣ್ತಾವೆ! ಉಳಿಗೆ, ಕೊಡತಿಗೆ ಪೂಜೆ ಮಾಡಿ, ನಮಗೆ ಅನ್ನ ಕೊಡೋ ಮನಿಗೆ ಮಾಡ್ದಿದ್ರೆ ಹೆಂಗ್ರಿ? ಹೆಣ್ಮಕ್ಕಳೆಲ್ಲ ಸೇರಿ ಸೀಗೆಪುಡಿ ಹಾಕಿ ತಿಕ್ಕಿ ತೊಳದ್ವಿ. ಒಂದು ಕಂಬನೂ ಬಿಟ್ಟಿಲ್ಲ."

ನಿಜ, ಒಂದನ್ನೂ ಬಿಟ್ಟಿರಲಿಲ್ಲ. ತೊಲೆಗಳನ್ನೂ ಬಿಟ್ಟಿರಲಿಲ್ಲ. ಒಂದೇ ಒಂದು ನಂಬರ್ ಉಳಿದಿರಲಿಲ್ಲ. ಕುಂಬಳಕಾಯಿ ತರಲು ಶಿರಾಳಕೊಪ್ಪಕ್ಕೆ ಹೋಗಿದ್ದ ಮಲ್ಲೇಶಪ್ಪ ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಮೂಲೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ.

ಬಾಯಿಗೆ ಬಂದ ಹಾಗೆ ಬೈದೆ. ಈಶ್ವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬೈದು ಮುಗಿದ ಮೇಲೆ ನನಗೆ ನಾಚಿಕೆಯಾಯಿತು. ಅವಳ ಗಂಡ ಬಣ್ಣ ಎಂದಿದ್ದ, ಸೀಮೆಸುಣ್ಣ ಎಂದವಳು ನಾನು. ಹೆಣ್ಣುಮಕ್ಕಳಿಗೆ ಆ ಗುರುತು ಏನು ಎಂದು ಒಂದು ಮಾತು ಹೇಳಿರಲೂ ಇಲ್ಲ.

ಮರುದಿನದಿಂದ ಒಂದೊಂದೇ ಕಂಬವನ್ನು ಒಂದೊಂದೇ ತೂತಿಗೆ ಹಿಡಿದು ನೋಡತೊಡಗಿದೆವು. ಫೋಟೋಗಳಿದ್ದವು, ಆದರೆ ಫೋಟೋದಲ್ಲಿ ಕಂಬಗಳೆಲ್ಲ ಒಂದೇ. ಅಳತೆ ಹಿಡಿದರೆ ನಾಲ್ಕೈದು ಕಂಬ ಒಂದೇ ತೂತಿಗೆ ಹೊಂದುವಂತೆ ಕಾಣುತ್ತಿದ್ದವು. ಒಂದು ಕಂಬ ಎತ್ತಲು ಆರು ಜನ ಬೇಕು. ಎತ್ತು, ಕೂರಿಸು, ಕೂರದು, ಇಳಿಸು. ಹದಿಮೂರು ದಿನ ಇದೇ ಆಯಿತು. ಹನ್ನೊಂದು ಕಂಬಗಳಿಗೆ ಅವುಗಳ ಜಾಗ ಸಿಕ್ಕಿತು. ಆಳುಗಳ ಹೆಗಲು ಸುಲಿದಿತ್ತು. ರಾತ್ರಿ ಮಲಗಿದರೂ ನನ್ನ ಕೈ ಕಂಬ ಹಿಡಿದೇ ಇರುತ್ತಿತ್ತು. ದೀಪಾವಳಿಗೆ ಒಂದು ವಾರ ಉಳಿದಿತ್ತು.

ಇನ್ನೊಂದು ತಿಂಗಳು ಕೊಡಿ ಎಂದು ಒಪ್ಪಿಗೆ ಕೊಟ್ಟ ಕಚೇರಿಯ ಸಾಹೇಬರಿಗೆ ಫೋನ್ ಮಾಡಿದೆ. "ಆಗಲ್ಲ ಮೇಡಂ, ಹಬ್ಬ ಮುಗಿದ ಮಾರನೇ ದಿನ ಲಾರಿ ಬರುತ್ತೆ" ಎಂದು ಇಟ್ಟುಬಿಟ್ಟರು.

ಮಲ್ಲೇಶಪ್ಪ ಎಲ್ಲ ಕೇಳಿಸಿಕೊಂಡಿದ್ದ. ಹತ್ತಿರ ಬಂದು ಮೆಲ್ಲಗೆ ಹೇಳಿದ. "ಒಂದು ದಾರಿ ಐತ್ರಿ. ಉಳಿದ ಕಂಬದ ನಾಲಗೆ ಎಲ್ಲಾ ಒಂದೇ ಅಳತೆಗೆ ಕೆತ್ತಿಬಿಟ್ರೆ ಯಾವುದು ಬೇಕಾದ್ರೂ ಯಾವುದಕ್ಕಾದ್ರೂ ಕೂರ್ತೈತೆ. ಸಡಿಲ ಆದಲ್ಲಿ ಕಬ್ಬಿಣದ ಪಟ್ಟಿ ಹೊಡೀಬಹುದು. ಐದು ದಿನ ಸಾಕು."

"ಆಮೇಲೆ?"

"ಆಮೇಲೆ ಅದು ಆ ಮನಿ ಆಗಿರಂಗಿಲ್ರಿ. ಆದ್ರೆ ನಿಂತಿರ್ತೈತೆ."

ಒಮ್ಮೆ ಕೆತ್ತಿದರೆ ಯಾವ ಕಂಬ ಎಲ್ಲಿಯದು ಎಂದು ಇನ್ನು ಯಾರೂ ಹುಡುಕಿ ತೆಗೆಯಲಾರರು. ಕೆತ್ತದಿದ್ದರೆ ಹರಾಜಾಗಿ ಯಾವುದೋ ಊರಿನ ಸೋಫಾ, ಬಾಗಿಲು. ನಾನು ಯೋಚನೆ ಮಾಡಿ ತೀರ್ಮಾನಿಸಿದೆ ಎಂದರೆ ಸುಳ್ಳಾಗುತ್ತದೆ. ನನಗೆ ಸಾಕಾಗಿತ್ತು, ಅಷ್ಟೆ.

"ನೀವು ಬಾಯಿಬಿಟ್ಟು ಹೇಳ್ರಿ. ಹೇಳ್ದೆ ನಾ ಉಳಿ ಇಡಂಗಿಲ್ಲ" ಎಂದ ಮಲ್ಲೇಶಪ್ಪ.

"ಕೆತ್ತಿ" ಎಂದೆ.

ಅವನು ಹನ್ನೆರಡನೆಯ ಕಂಬವನ್ನು ಅಡ್ಡ ಮಲಗಿಸಿ ಉಳಿ ಇಟ್ಟ. ಮೇಲಿನ ಕಪ್ಪು ಸಿಪ್ಪೆ ಹೋಗುತ್ತಲೇ ಒಳಗೆ ಹೊಂಬಣ್ಣದ ಮರ, ಇವತ್ತು ಕುಯ್ದ ಹಾಗೆ ತೇಗದ ವಾಸನೆ. ಈಶ್ವರಮ್ಮ ಬಂದು ಚಕ್ಕೆಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ರಸ್ತೆಯವರಿಂದ ಮೂರು ವರ್ಷ ಕಾಪಾಡಿದ ಮನೆಯನ್ನು ನಾನೇ ನಿಂತು ಕೆಡಿಸುತ್ತಿದ್ದೆ. ಅಳು ಬಂತು, ಅತ್ತೆ. ಯಾರೂ ನನ್ನ ಕಡೆ ನೋಡಲಿಲ್ಲ.

ಕಂಬ ಕೂತಿತು. ಕೊಡತಿಯ ಎರಡೇ ಪೆಟ್ಟಿಗೆ, ಎಷ್ಟು ಸಲೀಸಾಗಿ ಕೂತಿತು!

ಮಲ್ಲೇಶಪ್ಪ ಬೆವರು ಒರೆಸಿಕೊಂಡು ನನ್ನ ಮುಖ ನೋಡಿದ. "ಇನ್ನೊಂದು ತರಸ್ಲೇನ್ರಿ?"

"ತರಿಸಿ" ಎಂದೆ.