ಕೈಗೆ ಕೂರದ ಹಿಡಿ

"ಯಾರನ್ನ ಕೇಳಿ ಇದಕ್ಕೆ ಅರ ಹಾಕಿದೆ?"

"ಯಾರನ್ನ ಕೇಳಬೇಕಿತ್ತು? ಬೊಬ್ಬೆ ಎದ್ದಿರೋದು ನನ್ನ ಕೈಗೆ."

"ನಾಲಿಗೆ ಹಿಡಿತದಲ್ಲಿರಲಿ. ಇದು ಯಾರದ್ದು ಅಂತ ಗೊತ್ತಲ್ಲ ನಿನಗೆ?"

"ಗೊತ್ತು. ಒಂಬತ್ತು ವರ್ಷದಿಂದ ದಿನಾ ಗೊತ್ತಾಗ್ತಾನೇ ಇದೆ."

ಮೇಸ್ತ್ರಿ ಹತ್ತರಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಲಗೆ ನುಣುಪು ಮಾಡುವ ಮರದ ಹತ್ತರಿ. ಮುಂದೆ ಹಿಡಿದುಕೊಳ್ಳಲು ಗುಂಡನೆಯ ಗುಬ್ಬಿ, ನಡುವೆ ಅಲಗು, ಹಿಂದೆ ಅಂಗೈ ಒತ್ತಿ ತಳ್ಳುವ ಹಿಡಿ. ಹಿಡಿಯ ಮೇಲ್ತುದಿಯಲ್ಲಿ ಪುಟ್ಟ ಕೊಂಬೊಂದು ಇರುತ್ತದೆ. ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಅದು ಸರಿಯಾಗಿ ಕೂತರೆ ಕೈ ಮೇಲಕ್ಕೆ ಜಾರುವುದಿಲ್ಲ. ಆ ಕೊಂಬು ಈಗ ಇರಲಿಲ್ಲ. ಕತ್ತಿನ ಭಾಗವನ್ನೂ ಅರದ ಹಲ್ಲು ತಿಂದು ಹಾಕಿತ್ತು. ಇಪ್ಪತ್ತೆರಡು ವರ್ಷ ಅಂಗೈ ಉಜ್ಜಿ ಕಪ್ಪಗೆ ಮಿರುಗುತ್ತಿದ್ದ ಮರ ಚರ್ಮ ಸುಲಿದ ಹಾಗೆ ಬಿಳಿಚಿಕೊಂಡಿತ್ತು.

ಅದು ಅವನ ಮೊದಲ ಹೆಂಡತಿಯ ಹತ್ತರಿ. ಮದುವೆಯಾದ ವರ್ಷ ಅವಳಿಗೆಂದೇ ಮಾಡಿಕೊಟ್ಟಿದ್ದ. ಅವಳು ಕಾಯಿಲೆ ಬಿದ್ದು ಸತ್ತು ಹನ್ನೊಂದು ವರ್ಷವಾಗಿತ್ತು. ಅರ ಹಾಕಿದವಳು ಎರಡನೆಯ ಹೆಂಡತಿ. ಸತ್ತವಳದು ನೀಳ ಬೆರಳಿನ ತೆಳು ಕೈ. ಇವಳದು ಗಿಡ್ಡ ಬೆರಳು, ಅಗಲ ಅಂಗೈ. ಕೊಂಬು ದಿನವೂ ಸಂದಿಗೆ ಚುಚ್ಚುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ನಿಲ್ಲುವ ಮುಂಚೆ ಅಂಗೈಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಮೇಸ್ತ್ರಿ ಅದನ್ನು ನೋಡಿದ್ದ. ಏನೋ ಅಭ್ಯಾಸ ಎಂದುಕೊಂಡಿದ್ದ.

ಅವನನ್ನು ಊರಿನವರು ಹಿಡಿಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹತ್ತರಿಯ ಹಿಡಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಂದ ಬಡಗಿಯ ಕೈಗೆ ಹದವಾದ ಮಣ್ಣಿನ ಮುದ್ದೆ ಕೊಟ್ಟು "ಹಿಂಡು" ಎನ್ನುತ್ತಿದ್ದ. ಬೆರಳಿನ ಗುರುತು ನೋಡಿ ಹಿಡಿಯ ಅಚ್ಚಿಗೆ ರಟ್ಟು ಕತ್ತರಿಸುತ್ತಿದ್ದ. ಎರಡು ಬೆರಳಿಲ್ಲದ, ಪೆಟ್ಟಿಗೆ ಮಾಡುವವನಿಗೆ ಮಾಡಿಕೊಟ್ಟಿದ್ದ, ಎಡಚನಾದ ದೋಣಿಬಡಗಿಗೆ ಮಾಡಿಕೊಟ್ಟಿದ್ದ, ದಾರಿ ತಪ್ಪಿ ಬಂದ ಯಾವನೋ ಅಪರಿಚಿತನಿಗೂ ಮಾಡಿಕೊಟ್ಟಿದ್ದ. ಇವಳು ಮದುವೆಯಾದ ಹೊಸದರಲ್ಲಿ ತನಗೂ ಒಂದು ಹಿಡಿ ಕೇಳಿದ್ದಳು. ಮಾಡೋಣ ಅಂದಿದ್ದ. ಎರಡು ವರ್ಷ ಬಿಟ್ಟು ಇನ್ನೊಮ್ಮೆ ಕೇಳಿದ್ದಳು. ಕೈತುಂಬ ಕೆಲಸ ಅಂದಿದ್ದ. ಆಮೇಲೆ ಕೇಳಿರಲಿಲ್ಲ.

"ಮೊನ್ನೆ ಪಟ್ಟಿ ಬಿಚ್ಚಿದ್ರೆ ಚರ್ಮಾನೇ ಕಿತ್ತು ಬಂತು," ಎಂದಳು. "ಬಾಗಿಲಿನ ಹಲಗೆ ಇನ್ನೂ ನಾಲ್ಕು ಇದೆ. ಯಾವ ಕೈಲಿ ಮಾಡ್ಲಿ?"

ಸಾಣೆಕಲ್ಲಿನ ಹತ್ತಿರ ಉಳಿ ಮಸೆಯುತ್ತಿದ್ದ ಮಗಳು ಕೈ ನಿಲ್ಲಿಸಿದಳು. ಹತ್ತೊಂಬತ್ತರ ಹುಡುಗಿ, ಮೊದಲನೆಯವಳ ಮಗಳು. "ಸಾಕಪ್ಪ," ಎಂದಳು.

ಅಲ್ಲಿಗೆ ನಿಲ್ಲಬೇಕಿತ್ತು. ಸಿಟ್ಟು ಬಂದವನ ಬಾಯಿ ಎಲ್ಲಿ ನಿಲ್ಲುತ್ತದೆ!

"ನೀನು ಎಷ್ಟು ತೇಯ್ದರೂ ಅದು ನಿನ್ನದಾಗಲ್ಲ," ಎಂದ. "ಈ ಮನೇಲಿ ಅವಳು ಹಿಡಿದದ್ದೆಲ್ಲ ಅವಳದ್ದೇ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಆಯ್ತು," ಎಂದಳು. ಹತ್ತರಿಯನ್ನು ಅವನ ಕೈಯಿಂದ ತೆಗೆದುಕೊಂಡು ಹೋಗಿ ಹಲಗೆಯ ಮುಂದೆ ನಿಂತಳು. ಸಂಜೆಯವರೆಗೆ ಹಲಗೆ ಕೆರೆದಳು. ಊಟ ಬಡಿಸಿದಳು, ಉಪ್ಪು ಬೇಕಾ ಎಂದು ಕೇಳಲಿಲ್ಲ.

ಬೆಳಗಾಗುವಷ್ಟರಲ್ಲಿ ಮೇಸ್ತ್ರಿಯ ಸಿಟ್ಟು ಇಳಿದಿತ್ತು. ಅವನ ಸಿಟ್ಟು ಯಾವತ್ತೂ ಹೀಗೇ, ಭರ್ ಎಂದು ಹತ್ತಿ ಭರ್ ಎಂದು ಆರುವುದು. ತನ್ನದು ಆರಿದ್ದರಿಂದ ಎಲ್ಲರದ್ದೂ ಆರಿತೆಂದು ತಿಳಿಯುವುದು ಅವನ ಸ್ವಭಾವ. ಅಟ್ಟದ ಮೇಲಿಂದ ಹಿಡಿಯಿಲ್ಲದ ಹೊಸ ಹತ್ತರಿಯೊಂದನ್ನು ಇಳಿಸಿದ. ಹಳೆಯ ಕುರ್ಚಿಯ ಕಾಲಿನ ಗಟ್ಟಿ ಮರ ಹುಡುಕಿ ತಂದ. ಮರದ ನಾರಿನ ನೂಲು ಯಾವ ಕಡೆ ಓಡುತ್ತದೆ ಎಂದು ತಿರುಗಿಸಿ ತಿರುಗಿಸಿ ನೋಡಿದ. ಅಡ್ಡನೂಲು ಬಂದರೆ ಹಿಡಿ ಕತ್ತಿನ ಹತ್ತಿರ ಲಟಕ್ಕನೆ ಮುರಿಯುತ್ತದೆ.

"ಯಾರಿಗಪ್ಪ?" ಎಂದಳು ಮಗಳು.

"ನಿನ್ನ ಚಿಕ್ಕಮ್ಮನಿಗೆ."

ಮಗಳ ಮುಖ ಅರಳಿತು. "ಮಣ್ಣು ಕಲಸಲಾ? ಕರೀಲಾ?"

"ಬೇಡ. ಒಂಬತ್ತು ವರ್ಷ ಸಂಸಾರ ಮಾಡಿದೀನಿ. ಹೆಂಡತಿ ಕೈ ಅಳತೆ ಕೇಳಿ ತಿಳ್ಕೊಬೇಕಾ ನಾನು?"

"ಕೇಳೋದರಲ್ಲೇನಪ್ಪ ಅವಮಾನ? ಆ ಕೈ ಎಷ್ಟಗಲ ಅಂತ ನನಗೆ ಗೊತ್ತು, ಚಿಕ್ಕವಳಿದ್ದಾಗ ಏಟು ತಿಂದಿದೀನಿ. ನಿನಗೆ ಗೊತ್ತಾ?"

"ಹೋಗೇ, ಉಳಿ ಮಸೆ."

ಕಣ್ಣಂದಾಜಿನಲ್ಲೇ ಗೆರೆ ಎಳೆದ. ಗರಗಸ, ಉಳಿ, ಅರ, ಕೊನೆಗೆ ಗಾಜಿನ ಚೂರು. ಬಹಳ ದಿನದ ಮೇಲೆ ಕೈ ತಾನಾಗಿಯೇ ಓಡಿತು. ಇಲ್ಲಿ ಹೊಟ್ಟೆ, ಇಲ್ಲಿ ಕತ್ತು, ಇಲ್ಲಿ ಕೊಂಬು ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಅದರಿಂದ ಅವನಿಗೆ ಖುಷಿಯಾಯಿತು. ನೋಡು, ನನಗೆ ಅವಳ ಕೈ ಗೊತ್ತಿಲ್ಲ ಅಂದ್ಯಲ್ಲ, ಎಂದು ಮನಸ್ಸಿನಲ್ಲೇ ಮಗಳಿಗೆ ಉತ್ತರ ಹೇಳಿದ.

ಹಿಡಿಯ ಕಾಲನ್ನು ಹತ್ತರಿಯ ಮೈಯಲ್ಲಿ ಕೊರೆದ ಕಚ್ಚಿಗೆ ಕೂರಿಸಿ ಕೊಡತಿಯಿಂದ ಎರಡು ಏಟು ಹಾಕಿದರೆ ಸಾಕು, ಬಿಗಿಯಾಗಿ ನಿಲ್ಲುತ್ತದೆ. ಅವನು ಯಾರ ಹಿಡಿಗೂ ಅಂಟು ಹಚ್ಚಿದವನಲ್ಲ. ನಾಳೆ ಬಿಚ್ಚಬೇಕಾಗಬಹುದು ಎನ್ನುತ್ತಿದ್ದ. ಇದಕ್ಕೆ ಮಾತ್ರ ಅಂಟು ಹಚ್ಚಿದ. ಅಡ್ಡಲಾಗಿ ಮರದ ಗೂಟವೊಂದನ್ನೂ ಬಡಿದ. ಬಿಚ್ಚುವ ಮಾತೇ ಇರಬಾರದು ಎಂದುಕೊಂಡ.

ಅಂಟು ಒಣಗಲು ಒಂದು ದಿನ ಬಿಟ್ಟು ಮಾರನೆಯ ಮಧ್ಯಾಹ್ನ ಅವಳನ್ನು ಕರೆದ. ಪೆಟ್ಟಿಗೆಯವನು ಗರಗಸ ಕೇಳಲು ಬಂದು ಅಲ್ಲೇ ಕೂತಿದ್ದ. "ನೋಡಿ ಅಕ್ಕ, ಹೆಂಡತಿ ಸರದಿ ಬರೋಕೇ ಒಂಬತ್ತು ವರ್ಷ. ಇನ್ನು ನನ್ನ ಎರಡನೇ ಹಿಡಿ ನನ್ನ ಮೊಮ್ಮಗನಿಗೇ ಸಿಗೋದು," ಎಂದ.

ಅವಳು ನಕ್ಕುಬಿಟ್ಟಳು. ಜಗಳವಾದ ಮೇಲೆ ಮೊದಲ ಸಲ. ಮೇಸ್ತ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ನನಗಾ?" ಎಂದಳು. "ನಿಜವಾಗ್ಲೂ?"

"ಮತ್ತೆ ಯಾರಿಗೆ? ಹಿಡಿದು ನೋಡು."

ಅವಳು ಅಂಗೈಯ ಪಟ್ಟಿ ಬಿಚ್ಚಿದಳು. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ನಿಂತುಹೋಯಿತು. ಹಲಗೆಯ ಮೇಲಿಟ್ಟು ಒಮ್ಮೆ ತಳ್ಳಿದಳು. ಕೊಂಬು ಹೋಗಿ ಅದೇ ಗಾಯಕ್ಕೆ ಚುಚ್ಚಿತು. ಕಿರುಬೆರಳಿನ ಕೆಳಗೆ ಒಂದು ಬೆರಳಿನಷ್ಟು ಜಾಗ ಖಾಲಿ ಉಳಿದಿತ್ತು.

"ಇದೂ ಅಕ್ಕನದ್ದೇ ರೀ," ಎಂದಳು.

ಸತ್ತವಳನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು.

"ಏನು ಹುಚ್ಚು ಮಾತು," ಎಂದು ಮೇಸ್ತ್ರಿ ಕಿತ್ತುಕೊಂಡು ತಾನೇ ಹಿಡಿದ. ಹೆಬ್ಬೆರಳಿನಿಂದ ಕತ್ತು ಸವರಿದ, ಹೊಟ್ಟೆ ಸವರಿದ. ಅವಳು ಮೊನ್ನೆ ತೇಯ್ದು ತೆಗೆದದ್ದನ್ನೆಲ್ಲ ಅವನು ಕೂತು ಒಂದು ನೂಲೂ ವ್ಯತ್ಯಾಸವಿಲ್ಲದೆ ಮತ್ತೆ ಮಾಡಿಟ್ಟಿದ್ದ. ಮಗಳು ಬಂದು ಮುಟ್ಟಿ ನೋಡಿ ತಲೆ ತಗ್ಗಿಸಿದಳು. ಪೆಟ್ಟಿಗೆಯವನು ಗರಗಸ ಮರೆತು ಎದ್ದು ಹೋದ.

"ನಾನು ಬೇಕಂತ ಮಾಡಿಲ್ಲ," ಎಂದ ಮೇಸ್ತ್ರಿ.

"ಗೊತ್ತು. ಬೇಕಂತ ಮಾಡಿದ್ದಿದ್ರೆ ಜಗಳ ಆಡ್ತಿದ್ದೆ."

"ಬಿಚ್ಚಿ ಬೇರೆ ಹಾಕ್ತೀನಿ."

"ಗೂಟ ಹೊಡೆದಿದೀರಲ್ಲ."

"ಮಣ್ಣು ಕಲಸ್ತೀನಿ. ಕೈ ಕೊಡು, ಈಗಲೇ ಅಳತೆ ತಗೋತೀನಿ. ಕೊಡು ಅಂದ್ನಲ್ಲ."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಗಿರಾಕಿಗಳಿಗೆ ತಗೊಳ್ರಿ ಅಳತೆ. ಒಂಬತ್ತು ವರ್ಷ ಪಕ್ಕದಲ್ಲಿದ್ದ ಕೈ ಇದು. ಜ್ವರ ಬಂದಾಗ ನಿಮ್ಮ ಹಣೆ ಮೇಲಿದ್ದ ಕೈ. ನೀವು ಮೊನ್ನೆ ಅಂದ್ರಲ್ಲ, ಎಲ್ಲ ಅವಳದ್ದೇ ಅಂತ, ಅದು ಸಿಟ್ಟಿನ ಮಾತು ಅಂದ್ಕೊಂಡಿದ್ದೆ."

ಒಳಗೆ ಹೋದಳು. ಮೇಸ್ತ್ರಿ ನಿಂತೇ ಇದ್ದ. ಹಿಂದೆ ಹೋಗಬೇಕು ಅನ್ನಿಸಿತು. ಬೈಯುವುದಕ್ಕೆ ಅವನಿಗೆ ನೂರು ಮಾತು ಬರುತ್ತಿತ್ತು. ಇದಕ್ಕೆ ಒಂದೂ ಬರಲಿಲ್ಲ.

ಅವಳು ಬಟ್ಟೆಯ ಚೀಲ ಹಿಡಿದು ಬಂದಳು. "ನಾಲ್ಕೂ ಹಲಗೆ ಆಗಿದೆ, ಕೊನೇದಕ್ಕೆ ಅಂಚು ಮಾತ್ರ ಬಾಕಿ," ಎಂದು ಮಗಳಿಗೆ ಹೇಳಿದಳು. "ಒಲೆ ಮೇಲೆ ಹಾಲಿದೆ, ನೋಡ್ಕೋ."

ಹುಡುಗಿ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. "ಯಾವಾಗ ಬರ್ತೀಯ ಚಿಕ್ಕಮ್ಮ?"

"ನಿನಗೆ ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

"ಇಲ್ಲ."

"ಹಾಗಿದ್ರೆ ಕೇಳಬೇಡ ಕಂದ."

ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೆಟ್ಟಿಲಿಳಿದು, ಬಿಸಿಲಿನಲ್ಲಿ ಬೀದಿಯುದ್ದಕ್ಕೂ ನಡೆದಳು. ತಿರುವಿನಲ್ಲಿ ನೀರಿನ ಗಾಡಿಗೆ ದಾರಿ ಬಿಟ್ಟು ನಿಂತಳು. ಆಗಲಾದರೂ ತಿರುಗಿ ನೋಡುತ್ತಾಳೆಂದು ಮೇಸ್ತ್ರಿ ಬಾಗಿಲಿಗೆ ಬಂದ. ಗಾಡಿ ದಾಟಿತು, ಅವಳು ಮುಂದೆ ಹೋದಳು.

"ಹೋಗಿ ಕರ್ಕೊಂಡು ಬಾರಪ್ಪ," ಎಂದಳು ಮಗಳು.

"ಸಂಜೆಗೆ ಬರ್ತಾಳೆ ಬಿಡು," ಎಂದ.

ಸಂಜೆಗೆ ಬರಲಿಲ್ಲ. ಆ ವಾರ ಬರಲಿಲ್ಲ. ಬಾಗಿಲು ಮಾಡಿಸಿದವರು ಬಂದು ಹಲಗೆಗಳನ್ನು ಹೊತ್ತುಕೊಂಡು ಹೋದರು. ಅವಳು ಬರಲೇ ಇಲ್ಲ.