ಮಲ್ಲಿಕಾಳ ಕುಬಸ

"ಉಡಿ ತುಂಬು ಗುರಮ್ಮಕ್ಕ, ಗಾಡಿ ಬಂದು ನಿಂತದ," ಎನ್ನುತ್ತ ಮಾಪಣ್ಣ ಅಕ್ಕಿ, ಕೊಬ್ಬರಿ ಇಟ್ಟಿದ್ದ ಮೊರವನ್ನು ಮತ್ತೊಮ್ಮೆ ಮುಂದಕ್ಕೆ ಸರಿಸಿದ. ಗುರಮ್ಮ ಅದನ್ನು ಹಿಂದಕ್ಕೆ ತಳ್ಳಿದಳು.

"ನಿನ್ ಹೆಣ್ತಿ ಬಸರಿ ಸತ್ತಾಳ. ಹೊಟ್ಟ್ಯಾಗ ಕೂಸು ಇಟ್ಕೊಂಡು ಹೋದಾಕಿಗಿ ಉಡಿ ತುಂಬಿದ್ರ ನಮ್ಮ ಹೆಣ್ಮಕ್ಕಳ ಬಸುರು ನಿಲ್ಲಂಗಿಲ್ಲ. ನನಗ ಸಿಟ್ಟಿಲ್ಲಪ್ಪ, ಅಂಜಿಕಿ ಅದ."

ಮುಂಬೈ ಪಕ್ಕದ ದಿಘಾದ ಆ ಚಾಳಿನ ಸಾಲಿನಲ್ಲಿ ಕಲಬುರಗಿ ಕಡೆಯವರ ಹುಟ್ಟಿಗೂ ಸಾವಿಗೂ ಗುರಮ್ಮನೇ ಹಿರಿಯಳು. ಅವಳು ಮೊದಲ ಹಿಡಿ ಹಾಕದೆ ಬೇರೆ ಯಾವ ಹೆಂಗಸೂ ಮುಂದೆ ಬರುವಂತಿಲ್ಲ. ಎಲ್ಲರೂ ಬಾಗಿಲಾಚೆ ಬಾಯಿಗೆ ಸೆರಗಿಟ್ಟು ನಿಂತಿದ್ದರು. ಒಳಗೆ ಚಾಪೆಯ ಮೇಲೆ ಮಲ್ಲಿಕಾ ಒಬ್ಬಳೇ ಮಲಗಿದ್ದಳು. ಮೈಯೆಲ್ಲ ಒಣಗಿ ಹೊಟ್ಟೆಯೊಂದೇ ಎತ್ತರಕ್ಕೆ ನಿಂತಿತ್ತು. ಗಂಡನಿಗಿಂತ ಮೊದಲು ಹೋದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದೇ?

ಒಂದು ಮಾತು ಹೇಳಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು. ಆ ಮಾತನ್ನೇ ಯಾರಿಗೂ ಹೇಳುವುದಿಲ್ಲವೆಂದು ಮಾಪಣ್ಣ ಹೆಂಡತಿಗೆ ಆಣೆ ಮಾಡಿದ್ದ.

* * *

ಮಲ್ಲಿಕಾ ಹಮಾಲರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅವಳ ರೊಟ್ಟಿ ಎಲ್ಲರಿಗೂ ಬೇಕು, ಅವಳು ಯಾರಿಗೂ ಬೇಡ. ಬಸುರಿಯರಿಗೆ ಕುಬಸ ಮಾಡುವ ದಿನ ರೊಟ್ಟಿ ಅವಳ ಒಲೆಯಿಂದಲೇ ಹೋಗಬೇಕು. ಮಕ್ಕಳಿಲ್ಲದವಳೆಂದು ಆರತಿಗೆ ಮಾತ್ರ ಕರೆಯುತ್ತಿರಲಿಲ್ಲ. ಯಾರದೋ ಹೆರಿಗೆಗೆ ಬಿಸಿನೀರು ತಂದವಳನ್ನು, "ಬಂಜಿಗೇನು ಗೊತ್ತು ಬ್ಯಾನಿ, ನೀ ಹೊರಗ ನಿಲ್ಲವ್ವ," ಎಂದು ಕಳಿಸಿದವಳು ಇದೇ ಗುರಮ್ಮ.

2012ರ ದಸರೆಯ ಹೊತ್ತಿಗೆ ಅವಳ ಹೊಟ್ಟೆ ಬೆಳೆಯತೊಡಗಿತು. ಥಾಣೆಯ ದವಾಖಾನೆಯಲ್ಲಿ ತಪಾಸಣೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ, "ಬಚ್ಚಾ ನಹೀಂ, ಗಾಂಠ್ ಹೈ," ಎಂದರು. ಗರ್ಭಚೀಲದ ಮಾಂಸದಲ್ಲೇ ಎದ್ದ ಕೆಟ್ಟ ಗಡ್ಡೆ, ಸಾರ್ಕೋಮಾ ಅಂತ ಹೆಸರು. ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದು. ಆಗಲೇ ಪುಪ್ಪುಸಕ್ಕೂ ಹಬ್ಬಿತ್ತು.

"ಲಕ್ಷದಾಗ ಒಬ್ಬಾಕಿ ಆದ್ನಲ್ಲ ನಾ," ಎಂದು ಮಲ್ಲಿಕಾ ಮರಳುವಾಗ ಲೋಕಲ್ ರೈಲಿನಲ್ಲಿ ನಕ್ಕಳು. ಮಾಪಣ್ಣನಿಗೆ ನಗು ಬರಲಿಲ್ಲ.

ಸಂಕ್ರಾಂತಿಯ ಮರುದಿನ ಬಾಗಿಲು ತೆರೆದರೆ ಗುರಮ್ಮ, ಅವಳ ಹಿಂದೆ ಸಾಲಿನ ಹೆಂಗಸರೆಲ್ಲ ಹಸಿರು ಕುಬಸ, ಹಸಿರು ಬಳೆ ಹಿಡಿದು ನಿಂತಿದ್ದರು.

"ಏ ಹುಚ್ಚಿ, ಇಷ್ಟು ದಿನಕ್ಕ ದೇವ್ರು ಕಣ್ಣು ತೆರದಾನ, ನಮಗೊಂದು ಮಾತು ಹೇಳಬಾರ್ದೇನ?"

ಮಾಪಣ್ಣ ಬಾಯಿ ತೆರೆದ. ಮಲ್ಲಿಕಾ ಅವನ ರಟ್ಟೆ ಚಿವುಟಿ, ಹೋಗಿ ಮಣೆಯ ಮೇಲೆ ಕುಳಿತಳು. ಹೆಂಗಸರು ಹಾಡಿದರು, ಅವಳ ತಲೆ ಬಾಚಿ ಹೂ ಮುಡಿಸಿದರು, ಬಾಯಿಗೆ ಹೋಳಿಗೆ ತುರುಕಿದರು. ಎಲ್ಲರೂ ಹೋದ ಮೇಲೆ ಅವಳು ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

"ನಾ ಸತ್ತ ಮ್ಯಾಲೂ ಹೇಳಬ್ಯಾಡ. ನಗ್ತಾರ."

* * *

ಗಾಡಿಯವನು ಮತ್ತೆ ಹಾರ್ನ್ ಹೊಡೆದ.

"ಅದು ಕೂಸಲ್ಲ ಗುರಮ್ಮಕ್ಕ, ಗಡ್ಡಿ," ಎಂದ ಮಾಪಣ್ಣ. ಹೇಳುತ್ತ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. "ಕುಬಸಕ್ಕಿಂತ ಮೊದಲೇ ಆಕಿಗಿ ಗೊತ್ತಿತ್ತು."

"ಗೊತ್ತಿದ್ದೂ ಮಣಿ ಮ್ಯಾಲ ಕುಂತ್ಳಾ? ನಮ್ಮನ್ನ ಮಳ್ಳು ಮಾಡಿದ್ಳಾ?"

"ನೀವು ಅವತ್ತೇ ಮೊದಲ ಸಲ ನಮ್ಮ ಮನಿಯೊಳಗ ಬಂದಿದ್ರಿ. ಹೇಳಿದ್ರ ಎದ್ದು ಹೋಗ್ತಿದ್ರಿ."

ನಾಚಿಕೆಯಿಂದ ಗುರಮ್ಮನ ಮುಖ ಕಪ್ಪಿಟ್ಟಿತು. ಹೊಸ್ತಿಲು ದಾಟಿ ಬಂದು ಚಾಪೆಯ ಪಕ್ಕ ಕುಸಿದಳು. ಮಲ್ಲಿಕಾಳ ಸೆರಗು ಹರವಿ ಒಂದು ಹಿಡಿ ಅಕ್ಕಿ ಹಾಕಿದಳು.

ಉಬ್ಬಿದ ಹೊಟ್ಟೆಯ ಮೇಲೆ ಅಕ್ಕಿ ನಿಲ್ಲಲಿಲ್ಲ. ಎರಡೂ ಪಕ್ಕಕ್ಕೆ ಜಾರಿ ನೆಲಕ್ಕೆ ಚೆಲ್ಲಿತು. ಗುರಮ್ಮ ಬಳಿದು ಮತ್ತೆ ಹಾಕಿದಳು. ಮತ್ತೆ ಜಾರಿತು.

"ಹಿಡೀರೆವ್ವ ಯಾರರ!" ಎಂದು ಕೂಗಿದಳು.

ಬಾಗಿಲಾಚೆಯ ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಬಂದು ಮಂಡಿಯೂರಿದರು. ಆ ಹೊಟ್ಟೆಯ ಸುತ್ತ ಅಂಗೈಗಳನ್ನು ಒಡ್ಡಾಗಿ ಇಟ್ಟು, ಅಕ್ಕಿ ನಿಲ್ಲುವವರೆಗೂ ಒತ್ತಿ ಹಿಡಿದರು.